ಗಿಟಾರ್ ಕೊಡ್ಸೋಕೆ ಮುಂಚೆ ಅವ್ರ ಜೊತೆ ಒಂದು ಟೀ ಕುಡೀರಿ

ತಂತಿ ಮಾತು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಾರ್ ನಮಸ್ತೆ, ನಾನು ಹಾಸನದವಳು, ಬಿ.ಎಂ. ರೋಡಲ್ಲಿ ಒಂದು ಆಫೀಸಲ್ಲಿ ಕೆಲಸ. ದಿನಾ ಸಂಜೆ ಸಿಟಿ ಬಸ್ ಸ್ಟ್ಯಾಂಡ್ ಹತ್ರ ಒಬ್ರು ಗಿಟಾರ್ ಇಟ್ಕೊಂಡು ಹಾಡ್ತಾ ಕೂತಿರ್ತಾರೆ, ವಯಸ್ಸು ಐವತ್ತರ ಮೇಲಿರಬೋದು, ಅಣ್ಣಾವ್ರ ಹಳೇ ಹಾಡುಗಳೇ ಜಾಸ್ತಿ, ಕಂಠ ಅಂದ್ರೆ ಕಂಠ ಸಾರ್, ಬಸ್ ಬಂದ್ರೂ ಹಾಡು ಮುಗೀಲಿ ಅಂತ ನಿಂತಿರ್ತೀನಿ. ಮೊದ್ಲು ಯಾವುದೋ ಆರ್ಕೆಸ್ಟ್ರಾದಲ್ಲಿ ಇದ್ರಂತೆ, ಈಗ ಮನೆ ಅಂತ ಏನಿಲ್ಲ, ರಾತ್ರಿ ಮುಚ್ಚಿದ ಅಂಗಡಿ ಮುಂದೆ ಮಲಗ್ತಾರೆ ಅಂತ ಟೀ ಅಂಗಡಿಯೋರು ಹೇಳಿದ್ರು. ಅವ್ರ ಗಿಟಾರ್ ನೋಡಿದ್ರೆ ಹೊಟ್ಟೆ ಉರಿಯುತ್ತೆ, ನಾಲ್ಕೇ ತಂತಿ ಇದೆ, ಹಿಂದೆ ಎಲ್ಲಾ ಬ್ರೌನ್ ಟೇಪ್ ಸುತ್ತಿದ್ದಾರೆ. ನಾವು ಆಫೀಸಿನೋರು ಐದಾರು ಜನ ಸೇರಿ ಎಂಟು ಸಾವಿರ ಒಟ್ಟು ಮಾಡಿದೀವಿ, ದೀಪಾವಳಿ ದಿನ ಸರ್ಪ್ರೈಸ್ ಆಗಿ ಹೊಸ ಗಿಟಾರ್ ಕೊಡಬೇಕು ಅಂತ ಆಸೆ. ಆದ್ರೆ ನಮ್ಮಲ್ಲಿ ಯಾರಿಗೂ ಗಿಟಾರಿನ ಗಂಧ ಗಾಳಿ ಗೊತ್ತಿಲ್ಲ, ಆನ್‌ಲೈನಲ್ಲಿ ನೋಡಿ ನೋಡಿ ತಲೆ ಕೆಟ್ಟೋಗಿದೆ. ಇದರ ಮಧ್ಯೆ ಒಬ್ರು, ಕೊಟ್ಟ ಮಾರನೇ ದಿನವೇ ಮಾರ್ಕೊಂಡು ಕುಡೀತಾರೆ ನೋಡ್ತಿರಿ ಅಂತ ಬೇರೆ ಹೇಳ್ತಿದ್ದಾರೆ. ಯಾವ ಗಿಟಾರ್ ತಗೊಳ್ಳೋಣ ಸಾರ್?
ಹೆಸರು ಬೇಡ, ಹಾಸನ

ಉತ್ತರ: ಮೇಡಂ, ಮೊದ್ಲು ಸರ್ಪ್ರೈಸ್ ಅನ್ನೋದನ್ನ ಬಿಟ್ಬಿಡಿ. ನಮಗೆ ಯಾರಾದ್ರೂ ಇಷ್ಟ ಆಗದೇ ಇರೋ ಸೀರೆನೋ ಶರ್ಟೋ ಕೊಟ್ರೆ ಬೀರುವಲ್ಲಿಟ್ಟು ಮರೀತೀವಿ, ಅವ್ರಿಗೆ ಬೀರು ಎಲ್ಲಿದೆ ಹೇಳಿ. ಹಿಡಿಸದ ಗಿಟಾರನ್ನೂ ಹಗಲೆಲ್ಲಾ ಹೆಗಲ ಮೇಲೆ ಹೊರಬೇಕು, ರಾತ್ರಿ ತಬ್ಕೊಂಡು ಮಲಗಬೇಕು. ಆರ್ಕೆಸ್ಟ್ರಾದಲ್ಲಿ ಇದ್ದೋರು ಅಂತೀರ, ಹಂಗಾದ್ರೆ ಈ ವಿಷಯದಲ್ಲಿ ನಿಮಗಿಂತ, ಪ್ರಾಯಶಃ ನನಗಿಂತಾನೂ ಅವ್ರಿಗೇ ಜಾಸ್ತಿ ಗೊತ್ತಿರುತ್ತೆ, ಅಂಥೋರನ್ನ ಒಂದು ಮಾತೂ ಕೇಳದೆ ನಾವು ನಾವೇ ಆರಿಸೋದು ಸರಿಯಲ್ಲ ಅಂತ ನನಗನ್ಸುತ್ತೆ. ಹಾಡು ಮುಗಿದ ಮೇಲೆ ಅದೇ ಟೀ ಅಂಗಡೀಲಿ ಎರಡು ಟೀ ಹೇಳಿ, ಅಣ್ಣ, ನಿಮ್ಮ ಗಿಟಾರಿಗೆ ಏನಾಗಿದೆ, ಏನಾದ್ರೆ ಸರಿಹೋಗುತ್ತೆ ಅಂತ ಕೇಳಿ. ನೀವು ಕೊಡ್ತೀರ ಅಂತ ಗೊತ್ತಾದ್ರೆ ಅವ್ರು ಸಂಕೋಚಕ್ಕೆ ಏನೂ ಬೇಡಮ್ಮ ಅನ್ನಬೋದು, ಅವಸರ ಮಾಡ್ಬೇಡಿ, ಎರಡನೇ ಟೀಗೆ ಹೇಳ್ತಾರೆ.

ಆ ನಾಲ್ಕು ತಂತಿ ಅಂದ್ರಲ್ಲ, ಯಾವ ನಾಲ್ಕು ಅಂತ ನೋಡಿದ್ರಾ? ನನ್ನ ಅಂದಾಜು, ಹೋಗಿರೋದು ಒಂದನೇದು ಎರಡನೇದು, ಅಂದ್ರೆ ಕೆಳಗಡೆ ಇರೋ ತೆಳ್ಳನೆಯವು. ದಪ್ಪ ತಂತಿಗಳ ಮೇಲೆ ಕಂಚಿನ ಸುರುಳಿ ಸುತ್ತಿರುತ್ತೆ, ಇವು ಬರೀ ಸ್ಟೀಲ್ ತಂತಿ, ಒಂದನೇದಂತೂ 0.010 ಅಥವಾ 0.012 ಇಂಚು ದಪ್ಪ ಅಷ್ಟೇ, ಬೆವರು ತಾಗಿ ತುಕ್ಕು ಹಿಡಿದು ಪಟ್ ಅಂತ ಹೋಗ್ತವೆ. ದಿನಾ ನಾಲ್ಕೈದು ಗಂಟೆ ಬಾರಿಸೋರಿಗೆ ಒಂದು ಸೆಟ್ ಒಂದು ತಿಂಗಳು ಬಂದ್ರೆ ಪುಣ್ಯ. ಒಳ್ಳೇ ಸೆಟ್ಟಿಗೆ ಐನೂರು ಆರುನೂರು ಆಗುತ್ತೆ, ದಿನಕ್ಕೆ ಇನ್ನೂರು ಮುನ್ನೂರು ಸಿಗೋರು ಊಟ ತಗೋತಾರಾ ತಂತಿ ತಗೋತಾರಾ? ಅದಕ್ಕೇ ನಾಲ್ಕರಲ್ಲೇ ನಡೆಸ್ತಿದಾರೆ. ನಾಲ್ಕು ತಂತೀಲಿ ನಿಮ್ಮನ್ನ ಬಸ್ ಬಿಟ್ಟು ನಿಲ್ಲಿಸಿದಾರೆ ಅಂದ್ರೆ ಆರು ಇದ್ದಿದ್ರೆ ಏನ್ ಮಾಡ್ತಿದ್ರೋ ನೋಡಿ.

ಹಿಂದೆ ಟೇಪ್ ಇರೋದಕ್ಕೆ ಗಾಬರಿ ಆಗ್ಬೇಡಿ. ಗಿಟಾರಿನ ಬೆನ್ನು ಪಕ್ಕೆ ಸ್ವಲ್ಪ ಬಿರುಕು ಬಿಟ್ರೂ ನಾದಕ್ಕೆ ಅಂಥಾ ನಷ್ಟ ಇಲ್ಲ, ಬಿರುಕು ಅದುರಿ ಗರ್ ಅನ್ನದಂಗೆ ಟೇಪ್ ಹಾಕಿರ್ತಾರೆ. ನೋಡಬೇಕಾದ್ದು ಮೂರು ಕಡೆ, ಮುಖದ ಹಲಗೆ, ಅದರ ಮೇಲೆ ತಂತಿ ಕಟ್ಟೋ ಬ್ರಿಡ್ಜ್, ಆಮೇಲೆ ಕುತ್ತಿಗೆ ಬಂದು ಸೇರೋ ಜಾಗ. ಬ್ರಿಡ್ಜಿನ ಹಿಂದೆ ವಿಸಿಟಿಂಗ್ ಕಾರ್ಡ್ ತೂರೋವಷ್ಟು ಸಂದಿ ಇದ್ರೆ ಅದು ಕಿತ್ಕೊಂಡು ಬರೋಕೆ ರೆಡಿ ಆಗಿದೆ ಅಂತ ಅರ್ಥ, ಆದ್ರೂ ಬಿಚ್ಚಿ ಹಳೇ ಅಂಟು ಕೆರೆದು ಹೊಸದಾಗಿ ಅಂಟಿಸಿ ಒಂದು ದಿನ ಕ್ಲ್ಯಾಂಪ್ ಹಾಕಿಟ್ರೆ ಸರಿಯಾಗುತ್ತೆ. ಫ್ರೆಟ್, ಅಂದ್ರೆ ಕುತ್ತಿಗೆ ಮೇಲೆ ಅಡ್ಡಡ್ಡ ಇರೋ ಲೋಹದ ಪಟ್ಟಿಗಳು, ಸವೆದು ಹಳ್ಳ ಬಿದ್ದಿದ್ರೂ ತಿಕ್ಕಿ ಮಟ್ಟ ಮಾಡಬೋದು. ಕುತ್ತಿಗೆ ತಿರುಚಿಕೊಂಡಿದ್ರೆ ಮಾತ್ರ ಅದನ್ನ ಬಿಟ್ಬಿಡಿ, ಹೊಸದೇ ನೋಡೋಣ. ರಿಪೇರಿಗೆ ಒಂದೂವರೆ ಎರಡು ಸಾವಿರದಲ್ಲಿ ಆಗೋಗುತ್ತೆ ಅಂದ್ರೆ, ಮತ್ತೆ ಅವ್ರಿಗೂ ಅದೇ ಬೇಕು ಅಂದ್ರೆ, ರಿಪೇರಿ ಮಾಡ್ಸಿ ಉಳಿದ ಆರು ಸಾವಿರಕ್ಕೆ ವರ್ಷದ ತಂತಿ ಕೊಡ್ಸಿ. ನನ್ನ ಓಟು ಇದಕ್ಕೇ. ಕೈಗೆ ಪಳಗಿದ ಗಿಟಾರಿನ ಕುತ್ತಿಗೆ ಕತ್ತಲಲ್ಲೂ ಬೆರಳಿಗೆ ಗೊತ್ತಿರುತ್ತೆ. ಫೋಟೋಗೆ ಚೆನ್ನಾಗಿರಲ್ಲ, ಅದು ಬೇರೆ ವಿಷಯ.

ಇಲ್ಲ, ಹೊಸದೇ ಬೇಕು ಅಂದ್ರೆ ಕೇಳಿ. ಅಂಗಡಿಯೋರು ಸಾಲಿಡ್ ಟಾಪ್, ಸಾಲಿಡ್ ಟಾಪ್ ಅಂತಾರೆ, ಅಂದ್ರೆ ಮುಖದ ಹಲಗೆ ಒಂದೇ ಮರದ್ದು, ನಾದ ಚೆನ್ನಾಗಿರುತ್ತೆ ನಿಜ, ಆದ್ರೆ ಅದು ಮನೆಯೊಳಗಿರೋ ಗಿಟಾರು. ಮರ ಥಂಡೀಲಿ ಹಿಗ್ಗುತ್ತೆ, ಒಣ ಹವೇಲಿ ಕುಗ್ಗುತ್ತೆ, ಗಿಟಾರಿಗೆ ಹಿತ ಅಂದ್ರೆ 45ರಿಂದ 55 ಪರ್ಸೆಂಟ್ ತೇವಾಂಶ. ನಮ್ಮ ಕಡೆ ಜುಲೈನಲ್ಲಿ ಗೋಡೇನೇ ಬೆವರುತ್ತೆ, ಮಾರ್ಚಿಗೆ ತುಟಿ ಒಡೆಯುತ್ತೆ, ಇನ್ನು ಜಗಲಿ ಮೇಲೆ ಮಲಗೋ ಗಿಟಾರಿನ ಗತಿ ಏನು? ನಾನು ಹುಡುಗನಾಗಿದ್ದಾಗ ಗಣಪತಿ ರಸಮಂಜರಿಗಳಿಗೆ ರಿದಮ್ ಗಿಟಾರ್ ಬಾರಿಸೋಕೆ ಹೋಗ್ತಿದ್ದೆ, ಒಂದ್ಸಲ ಸಕಲೇಶಪುರದ ಕಡೆ ಹೋದಾಗ ರಾತ್ರಿಯೆಲ್ಲಾ ಮಳೆ, ಗಿಟಾರು ಟೆಂಪೋ ಮೇಲೆ ಟಾರ್ಪಾಲಿನ ಕೆಳಗೆ, ಒಂದು ಹನೀನೂ ಬಿದ್ದಿರ್ಲಿಲ್ಲ ಅದರ ಮೇಲೆ, ಆದ್ರೂ ಬೆಳಿಗ್ಗೆ ತೆಗೆದ್ರೆ ಮುಖದ ಹಲಗೆ ಪೂರಿ ಥರ ಉಬ್ಬಿತ್ತು, ತಂತಿ ಮೇಲೆದ್ದು ನಿಂತಿದ್ವು, ಅವತ್ತು ಒಂದೇ ಬೆರಳಲ್ಲಿ ಆರೂ ತಂತಿ ಅದುಮಬೇಕಾದ ಎಫ್ ಕಾರ್ಡ್ ಒತ್ತಿ ಒತ್ತಿ ಬೆರಳ ತುದಿ ಸೀಳಿಹೋಯ್ತು. ಅದಕ್ಕೇ ಹೇಳೋದು, ಇವ್ರಿಗೆ ಲ್ಯಾಮಿನೇಟ್ ಟಾಪ್ ಇರೋದೇ ಸರಿ, ತೆಳು ಪದರಗಳನ್ನ ಅಡ್ಡಡ್ಡ ಉದ್ದುದ್ದ ಅಂಟಿಸಿರ್ತಾರೆ, ಪ್ಲೈವುಡ್ ಥರ, ಒಂದು ಪದರ ಹಿಗ್ಗೋಕೆ ಹೋದ್ರೆ ಇನ್ನೊಂದು ಬಿಡಲ್ಲ. ಯಮಹಾದ ಎಫ್310 ಅಂತಾ ಮಾಡೆಲ್‌ಗಳು ಇದೇ ಜಾತಿ, ಹೊಸದು ನಿಮ್ಮ ಬಜೆಟ್ಟಿಗೆ ಸ್ವಲ್ಪ ಮೇಲಾಗಬೋದು, ಎಫ್280 ಅದಕ್ಕಿಂತ ಕಮ್ಮಿ. ನಮ್ಮ ಆರ್ಕೆಸ್ಟ್ರಾದೋರಿಗೆ ಕೋಲ್ಕತ್ತಾದ ಗಿವ್ಸನ್ ಅಂದ್ರೆ ಹಳೇ ನೆಂಟ, ಅವ್ರು ಅದನ್ನೇ ಕೇಳಿದ್ರೂ ಆಶ್ಚರ್ಯ ಇಲ್ಲ. ಎರಡೂವರೆ ಸಾವಿರಕ್ಕೆ ಬ್ಯಾಗು ಬೆಲ್ಟು ಎಲ್ಲಾ ಫ್ರೀ ಅಂತ ಬರ್ತಾವಲ್ಲ, ಅದರಲ್ಲಿ ಕೆಲವಕ್ಕೆ ಕುತ್ತಿಗೆಯೊಳಗೆ ಟ್ರಸ್ ರಾಡೇ ಇರಲ್ಲ, ಅದೊಂದು ಕಬ್ಬಿಣದ ಸರಳು, ಕುತ್ತಿಗೆ ಬಾಗಿದ್ರೆ ಅಲೆನ್ ಕೀ ಹಾಕಿ ತಿರುಗಿಸಿ ನೆಟ್ಟಗೆ ಮಾಡೋಕೆ, ಅದಿಲ್ಲದ್ದು ಒಂದು ಮಳೆಗಾಲ ಕಂಡ್ರೆ ಬಿಲ್ಲಾಗುತ್ತೆ.

ನೈಲಾನ್ ತಂತಿದು ಬೇಡ. ಬೆರಳಿಗೆ ಮೆತ್ತಗೆ, ತುಕ್ಕು ಹಿಡಿಯಲ್ಲ, ಎಲ್ಲಾ ನಿಜ, ಆದ್ರೆ ಬಸ್ ಸ್ಟ್ಯಾಂಡಿನ ಹಾರನ್ನು, ಕಂಡಕ್ಟರ್ ಕೂಗು, ಇದರ ಮಧ್ಯೆ ಅದರ ದನಿ ಪಕ್ಕದೋರಿಗೂ ಕೇಳಲ್ಲ. ಪಿಕಪ್ ಇರೋ, ಅಂದ್ರೆ ವೈರ್ ಹಾಕಿ ಸ್ಪೀಕರಲ್ಲಿ ಕೇಳಿಸೋ ಸೆಮಿ ಅಕೌಸ್ಟಿಕ್ಕೂ ಬೇಡ, ಅದಕ್ಕೆ ಆಂಪ್ ಅನ್ನೋ ಸ್ಪೀಕರ್ ಪೆಟ್ಟಿಗೆ ಬೇಕು, ಚಾರ್ಜಿಂಗ್ ಬೇಕು, ಮೊಬೈಲ್ ಚಾರ್ಜ್ ಮಾಡೋಕೇ ಯಾರದೋ ಅಂಗಡೀಲಿ ಬೇಡಬೇಕು ಅವ್ರು. ಅದೂ ಅಲ್ದೆ ರಸ್ತೇಲಿ ಸ್ಪೀಕರ್ ಇಟ್ರೆ ಕಥೆನೇ ಬೇರೆ, 2000ದ ಶಬ್ದಮಾಲಿನ್ಯ ನಿಯಮದಲ್ಲಿ ಧ್ವನಿವರ್ಧಕಕ್ಕೆ ಪರ್ಮಿಷನ್ ಬೇಕು. 2025ರ ಫೆಬ್ರವರೀಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ ಇಂಗ್ಲೆಂಡಿನ ದೊಡ್ಡ ಪಾಪ್ ಗಾಯಕ ಎಡ್ ಶೀರನ್ ಹಾಡ್ತಿದ್ದಾಗ ಪೊಲೀಸ್ನೋರು ಬಂದು ವೈರ್ ಕಿತ್ತಿದ್ದು ನೆನಪಿದೆಯಲ್ಲ, ಜಗತ್ತೇ ನೋಡ್ತು, ಅಂಥೋರಿಗೇ ಹಂಗೆ ಅಂದ್ಮೇಲೆ ನಮ್ಮ ಹಾಸನದ ಅಣ್ಣನ್ನ ಯಾರು ಕೇಳ್ತಾರೆ. ಅಂದಹಾಗೆ ಆ ಶೀರನ್ ಹೆಸರು ಮಾಡಿದ್ದು ಅಂಗೈಯಗಲ ಅನ್ನೋಥರದ ಪುಟ್ಟ ಗಿಟಾರ್ ಹಿಡ್ಕೊಂಡು, ಹಂಗಾಗಿ ಚಿಕ್ಕದು ಅಂದ್ರೆ ಮಕ್ಕಳದ್ದು ಅನ್ಕೋಬೇಡಿ. ಡ್ರೆಡ್‌ನಾಟ್ ಅನ್ನೋ ದೊಡ್ಡ ಮೈಯದು ಜೋರಾಗಿ ಕೇಳುತ್ತೆ, ರಶ್ ಇರೋ ಬಸ್ಸಲ್ಲಿ ಹತ್ತೋಕೆ ಕಷ್ಟ. ದನಿ ಬೇಕಾ, ಹೊರೋಕೆ ಸುಲಭ ಇರಬೇಕಾ, ಇದನ್ನ ಹೊರೋರೇ ಹೇಳಬೇಕು. ಯಾವ ಕೈಲಿ ಬಾರಿಸ್ತಾರೆ ಅಂತಾನೂ ಗಮನಿಸಿ, ಎಡಗೈಯೋರಾದ್ರೆ ಮಾಮೂಲಿ ಗಿಟಾರಲ್ಲಿ ತಂತಿ ಅದಲು ಬದಲು ಮಾಡಿದ್ರೆ ಸಾಕಾಗಲ್ಲ, ಬ್ರಿಡ್ಜ್ ಮೇಲೆ ತಂತಿ ಹಾಯೋ ಸ್ಯಾಡಲ್ ಅನ್ನೋ ಪಟ್ಟೀನ ಓರೆಯಾಗಿ ಕೂರಿಸಿರ್ತಾರೆ, ಶ್ರುತಿ ಓಡುತ್ತೆ.

ಈಗ ನಾನು ನಿಜವಾಗ್ಲೂ ಹೇಳಬೇಕು ಅನ್ಕೊಂಡಿದ್ದ ವಿಷಯಕ್ಕೆ ಬರ್ತೀನಿ. ಫುಟ್‌ಪಾತಲ್ಲಿ ಮಲಗೋ ಮನುಷ್ಯನ ಪಕ್ಕ ಥಳಥಳ ಹೊಳೆಯೋ ಹೊಸ ಗಿಟಾರ್ ಇದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಒಂದೋ ಯಾರೋ ಎತ್ಕೊಂಡೋಗ್ತಾರೆ, ಇಲ್ಲಾ ರಾತ್ರಿ ಬೀಟಿನೋರು ಲಾಠಿ ತುದೀಲಿ ತಟ್ಟಿ ಎಲ್ಲಿ ಕದ್ದೆಯೋ ಅಂತಾರೆ. ಬ್ರೌನ್ ಟೇಪಿನ ಗಿಟಾರನ್ನ ಯಾವ ಕಳ್ಳನೂ ಮುಟ್ಟಲ್ಲ, ಯಾವ ಪೊಲೀಸೂ ಕೇಳಲ್ಲ, ಒಂದು ಲೆಕ್ಕಕ್ಕೆ ಆ ಟೇಪೇ ಅದಕ್ಕೆ ಬೀಗ. ಹಂಗಾಗಿ ಸೆಕೆಂಡ್ ಹ್ಯಾಂಡಲ್ಲಿ ಒಳ್ಳೇ ಕಂಪನಿದು, ಮೈಮೇಲೆ ಒಂದಷ್ಟು ಗೀರು ಬಿದ್ದಿರೋದು ಸಿಕ್ರೆ ಅದೇ ಉತ್ತಮ, ಐದಾರು ಸಾವಿರಕ್ಕೆ ಚೆನ್ನಾಗಿರೋದು ಸಿಗುತ್ತೆ. ಬಿಲ್ ಮಾತ್ರ ಅವ್ರ ಹೆಸರಲ್ಲೇ ಮಾಡ್ಸಿ, ನಿಮ್ಮ ಹೆಸರಲ್ಲಲ್ಲ. ಸೆಕೆಂಡ್ ಹ್ಯಾಂಡ್ ಆದ್ರೆ ಮಾರಿದೋರ ಕೈಲಿ ಒಂದು ಹಾಳೇಲಿ ಇಂಥೋರಿಗೆ ಕೊಟ್ಟಿದೀನಿ ಅಂತ ಬರೆಸಿ ಸೈನ್ ಹಾಕ್ಸಿ, ಲ್ಯಾಮಿನೇಷನ್ ಮಾಡ್ಸಿ ಬ್ಯಾಗಿನ ಜೇಬಲ್ಲಿಡಿ, ಒಂದು ಕಾಪಿ ಟೀ ಅಂಗಡೀಲೂ ಇರ್ಲಿ. ಮೂವತ್ತು ರೂಪಾಯಿ ಲ್ಯಾಮಿನೇಷನ್ನು ಒಂದು ರಾತ್ರಿ ಸ್ಟೇಷನ್ ವಾಸ ತಪ್ಪಿಸಬೋದು.

ಖರೀದಿ ದಿನ ಅವ್ರನ್ನೂ ಅಂಗಡಿಗೆ ಕರ್ಕೊಂಡ್ಹೋಗಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇದೆ ಅಂತ ಅವ್ರೇ ನೋಡ್ತಾರೆ, ಎರಡು ಎರಡೂವರೆ ಮಿಲಿಮೀಟರ್ ಇದ್ರೆ ಬೆರಳಿಗೆ ಹಿತ, ನಾಲ್ಕಿದ್ರೆ ಶಿಕ್ಷೆ. ಅಂಗಡಿಯೋನು ಅವ್ರ ಬಟ್ಟೆ ನೋಡಿ ಮುಟ್ಟಬೇಡಿ ಅಂತ ಗದರಿಸಿದ್ರೆ ಬೇರೆ ಅಂಗಡಿಗೆ ಹೋಗಿ, ಅಷ್ಟೇ.

ದುಡ್ಡಲ್ಲಿ ಎರಡು ಸಾವಿರನಾದ್ರೂ ಗಿಟಾರಿಗೆ ಹಾಕದೆ ಉಳಿಸ್ಕೊಳ್ಳಿ. ದಪ್ಪ ಫೋಮಿನ ಬ್ಯಾಗು, ಬೆನ್ನಿಗೆ ಹಾಕ್ಕೊಳ್ಳೋ ಥರದ್ದು, ಅದಕ್ಕೆ ಮಳೆ ಕವರ್ ಇದ್ದೇ ಇರಬೇಕು, ಇಲ್ಲಾಂದ್ರೆ ನಮ್ಮ ತೋಟದೋರು ಗೊಬ್ಬರದ ಚೀಲದಲ್ಲಿ ಕೊಪ್ಪೆ ಮಾಡ್ಕೊಳಲ್ವಾ, ಆ ಪ್ಲಾಸ್ಟಿಕ್ ಚೀಲ ಒಂದು ಮೇಲಿಂದ ಇಳಿಬಿಟ್ರೂ ಆಯ್ತು, ತಮಾಷೆ ಅಲ್ಲ, ಸಕಲೇಶಪುರದ ಘಟನೆ ಆದ್ಮೇಲೆ ನಾನು ವರ್ಷಗಟ್ಲೆ ಅದನ್ನೇ ಮಾಡ್ತಿದ್ದೆ. ಭುಜ ಕೊಯ್ಯದ ಅಗಲ ಬೆಲ್ಟು, ತಂತಿ ಮೀಟೋ ನಾಲ್ಕೈದು ಪ್ಲೆಕ್ಟ್ರಮ್ಮು, ಒಂದು ಕಾಪೊ. ಕಾಪೊ ಅಂದ್ರೆ ಕುತ್ತಿಗೆಗೆ ಹಾಕೋ ಕ್ಲಿಪ್ಪು, ಗಂಟಲು ಕಟ್ಟಿದ ದಿನ ಶ್ರುತಿ ಬದಲಾಯಿಸೋಕೆ ಇದಕ್ಕಿಂತ ಸುಲಭ ಇಲ್ಲ. ಶ್ರುತಿ ನೋಡೋ ಟ್ಯೂನರ್ ಬೇಕಾಗಲ್ಲ, ಆ ಕಾಲದ ಆರ್ಕೆಸ್ಟ್ರಾದೋರ ಕಿವೀಲೇ ಇರುತ್ತೆ. ತಂತಿ ಒಂದೇ ಸಲ ಹತ್ತು ಸೆಟ್ ಕೊಡೋಕೆ ಹೋಗ್ಬೇಡಿ, ಜೇಬಲ್ಲೇ ತುಕ್ಕು ಹಿಡೀತವೆ, ಅದರ ಬದಲು ಅಂಗಡೀಲಿ ದುಡ್ಡು ಜಮಾ ಮಾಡಿ, ಇವ್ರು ಬಂದಾಗ ಒಂದು ಸೆಟ್ ಕೊಡಿ, ಬಿಡಿ ಒಂದನೇ ತಂತಿ ಎರಡು ಜಾಸ್ತಿ ಹಾಕಿ ಅಂತ ಹೇಳಿ. ಹಾಸನಾಂಬೆ ಬಾಗಿಲು ತೆಗೆಯೋದು ಆಶ್ವೀಜದಲ್ಲಿ, ಹುಣ್ಣಿಮೆ ಆದ್ಮೇಲಿನ ಮೊದಲ ಗುರುವಾರ, ಊರೆಲ್ಲಾ ಜನ ಆಗ. ರಸ್ತೇಲಿ ಹಾಡೋರಿಗೆ ವರ್ಷದ ಸುಗ್ಗಿ ಅಂದ್ರೆ ಅದೇ, ದೀಪಾವಳಿವರೆಗೂ ಕಾಯ್ಬೇಡಿ, ಬಾಗಿಲು ತೆಗೆಯೋ ಮುಂಚೇನೇ ಕೈಗೆ ಕೊಡಿ.

ಮಾರ್ಕೋತಾರೆ ಅಂದ ನಿಮ್ಮ ಸಹೋದ್ಯೋಗಿಗೆ ನನ್ನ ಕಡೆಯಿಂದ ಒಂದು ಮಾತು: ಮಾರಬೋದು ಸಾರ್. ಜ್ವರ ಬಂದು ಎಂಟು ದಿನ ಮಲಗಿದ್ರೆ ನಾವು ಒಡವೆ ಅಡ ಇಡ್ತೀವಿ, ಅವ್ರ ಹತ್ರ ಇರೋ ಒಡವೆ ಗಿಟಾರೇ. ಕೊಟ್ಟ ಮೇಲೆ ಅದು ಅವ್ರದ್ದು, ಮಾರಿದ್ರಾ ಅಂತ ವಿಚಾರಣೆಗೆ ಹೋಗ್ಬೇಡಿ. ಮತ್ತೆ ವಿಡಿಯೋ, ಸ್ಟೇಟಸ್ಸು, ರಿಬ್ಬನ್ನು ಏನೂ ಬೇಡ, ಅವ್ರಾಗೇ ಫೋಟೋ ತೆಗೀರಮ್ಮ ಅಂದ್ರೆ ಬೇರೆ. ಅವ್ರ ಕಡೆಯೋರು ಯಾರಾದ್ರೂ ಎಲ್ಲೋ ಇರ್ತಾರೆ, ಮನೆ ಬಿಟ್ಟಿದ್ದು ಯಾಕೋ ಏನೋ.

ಇನ್ನೊಂದಿದೆ, ಗಿಟಾರಿನಷ್ಟೇ ಮುಖ್ಯ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಶೇಕಡ 3 ಭಿಕ್ಷುಕರ ಸೆಸ್ ಅಂತ ಇರುತ್ತೆ, ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆದು. ಹಾಡೋದು ಬೇಡೋದು ಎರಡೂ ಒಂದೇ ಅಂತ ಅಂದ್ಕೊಳ್ಳೋ ಅಧಿಕಾರಿಗಳಿಗೆ ಕಮ್ಮಿ ಇಲ್ಲ. ಕಿನ್ನರಿ ಜೋಗಿಗಳು ಮನೆ ಮುಂದೆ ಬಂದು ಹಾಡಿದ್ರೆ ನಮ್ಮ ಅಜ್ಜಿ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಹಾಕೋರು, ಭಿಕ್ಷುಕ ಅಂತಿರ್ಲಿಲ್ಲ. ರೈಲ್ವೆ ಸ್ಟೇಷನ್ ಒಳಗಂತೂ ಹಾಡಿ ಕಾಸು ಕೇಳೋಕೆ ಹೋಗದೇ ಇರೋದೇ ವಾಸಿ, ರೈಲ್ವೆ ಕಾಯ್ದೆ 144ನೇ ಸೆಕ್ಷನ್ನಲ್ಲಿ ಭಿಕ್ಷೆ ಬೇಡೋದಕ್ಕೆ ನಿಷೇಧ ಇದೆ. ನಿಮ್ಮ ಆಫೀಸಿನ ಐದು ಜನ ಮಾಡಬೋದಾದ್ದು ಏನಂದ್ರೆ, ವಸತಿರಹಿತರ ರಾತ್ರಿ ಆಶ್ರಯದ ಬಗ್ಗೆ ಊರಿನ ಪಾಲಿಕೆ ಕಚೇರೀಲಿ ವಿಚಾರಿಸೋದು, ಮತ್ತೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರೋ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತೆ, ಅದರ ಅರ್ಜಿ ತರೋದು. ಹಳೇ ಆರ್ಕೆಸ್ಟ್ರಾದ ಒಂದು ಪಾಂಪ್ಲೆಟ್ಟೋ, ಪೇಪರ್ ಕಟಿಂಗೋ ಯಾರ ಹತ್ರನಾದ್ರೂ ಇರುತ್ತೆ, ಹುಡುಕಿ. ಅಂಥಾ ಅರ್ಜಿ ಹಿಡ್ಕೊಂಡು ಕೌಂಟರಿಂದ ಕೌಂಟರಿಗೆ ಅಲೆಯೋಕೆ ಅವ್ರೊಬ್ರ ಕೈಲಿ ಆಗಲ್ಲ, ಆಫೀಸ್ ಕೆಲಸ ಗೊತ್ತಿರೋ ನಿಮ್ಮಂಥೋರಿಂದ ಆಗುತ್ತೆ.

ಪ್ರಶ್ನೆ: ನಮ್ಮ ಮನೆ ಅಟ್ಟದಲ್ಲಿ ಚಿಕ್ಕಪ್ಪನ ಕಾಲೇಜು ಕಾಲದ ಗಿಟಾರ್ ಇಪ್ಪತ್ತು ವರ್ಷದಿಂದ ಬಿದ್ದಿದೆ. ಆಜಾದ್ ಪಾರ್ಕ್ ಹತ್ರ ಹಾಡೋ ಹುಡುಗ ಒಬ್ಬ ಇದಾನೆ, ಗಿಟಾರ್ ಇಲ್ಲ ಅವನ ಹತ್ರ, ಬರೀ ಡಬ್ಬ ಬಡಿತಾನೆ. ಹಂಗೇ ಕೊಟ್ಬಿಡಬೋದಾ?
ಒಬ್ಬ ಓದುಗ, ಚಿಕ್ಕಮಗಳೂರು

ಉತ್ತರ: ಹಂಗೇ ಕೊಡ್ಬೇಡಿ, ರಿಪೇರಿ ಖರ್ಚು ಅವನ ತಲೆಗೆ ಕಟ್ಟಿದಂಗಾಗುತ್ತೆ. ಚಿಕ್ಕಮಗಳೂರಲ್ಲಿ ಇಪ್ಪತ್ತು ಮಳೆಗಾಲ ಕಂಡ ಅಟ್ಟ ಅಂದ್ರೆ ಬೂಸ್ಟು ಹಿಡಿದೇ ಇರುತ್ತೆ, ಅದು ಒರೆಸಿದ್ರೆ ಹೋಗುತ್ತೆ, ನೆರಳಲ್ಲಿ ಗಾಳಿಗಿಡಿ, ಬಿಸಿಲಿಗಿಟ್ರೆ ಅಂಟು ಬಿಡುತ್ತೆ. ಸಣ್ಣ ತೂತು ಬಿದ್ದು ಹಿಟ್ಟಿನ ಥರ ಪುಡಿ ಉದುರ್ತಿದ್ರೆ ಕುಟ್ಟೆ ಹಿಡಿದಿದೆ, ಆಸೆ ಬಿಡಿ. ಆಮೇಲೆ ಬ್ರಿಡ್ಜ್ ನೋಡಿ, ತಂತಿ ಗಂಟು ಹಾಕಿ ಕಟ್ಟೋ ಥರ ಇದ್ರೆ ಅದು ನೈಲಾನ್ ಗಿಟಾರ್, ಪಿನ್ ಒತ್ತಿ ಕೂರಿಸೋದಾದ್ರೆ ಸ್ಟೀಲ್‌ದು. ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿದ ದಿನವೇ ಅದರ ತಿಥಿ ಅಂತ ತಿಳ್ಕೊಳ್ಳಿ, ಆರು ಸ್ಟೀಲ್ ತಂತಿ ಶ್ರುತಿಗೆ ಬಂದ್ರೆ ಸುಮಾರು 70 ಕೆಜಿ ಎಳೆತ, ನೈಲಾನ್ ಗಿಟಾರ್ ಕಟ್ಟಿರೋದು 40ರ ಆಸುಪಾಸಿಗೆ, ಬ್ರಿಡ್ಜ್ ಕಿತ್ತು ಮುಖಕ್ಕೆ ಹೊಡೆಯುತ್ತೆ. ಹುಡುಗನಿಗೆ ಗಿಟಾರ್ ಬರುತ್ತಾ ಅಂತಾನೂ ಕೇಳಿ ನೋಡಿ, ಡಬ್ಬಾನೇ ಇಷ್ಟ ಇರಬೋದು, ಹಂಗಿದ್ರೆ ಒಳ್ಳೇ ಕಹೋನ್ ಅಂತ ಕೂತ್ಕೊಂಡು ಬಡಿಯೋ ಮರದ ಪೆಟ್ಟಿಗೆ ಬರುತ್ತೆ, ನಮ್ಮ ಬಡಗಿಗಳೇ ಪ್ಲೈವುಡ್ಡಲ್ಲಿ ಮಾಡ್ಕೊಡ್ತಾರೆ. ಇನ್ನು ಆ ಗಿಟಾರ್ ಕೆಳಗಿಳಿಸಿದ ತಕ್ಷಣ ತೂತಿನೊಳಗೆ ಕೈ ಹಾಕ್ಬೇಡಿ, ಬೋರಲು ಹಾಕಿ ಅಲ್ಲಾಡ್ಸಿ ಮೊದ್ಲು. ನಾನು ಹಿಂಗೇ ಒಂದು ಅಟ್ಟದ ಗಿಟಾರ್ ರಿಪೇರಿಗೆ ತಗೊಂಡು ಕೈ ಹಾಕಿದ್ರೆ ಒಳಗೆ ಇಲಿ ಗೂಡು, ನಾಲ್ಕು ಮರಿ, ಗೂಡು ಕಟ್ಟೋಕೆ ಬಳಸಿದ್ದು ಆ ಮನೆಯೋರು ಎರಡು ವರ್ಷದಿಂದ ಹುಡುಕ್ತಿದ್ದ ಪಹಣಿ ಪತ್ರ.